ಬಿಸಿಯಾದ್ರೆ ನಿಂತುಹೋಗುತ್ತಿದ್ದ ನಮ್ಮ ಯೆಜ್ಡಿ

ಅಪ್ಪನ ಯೆಜ್ಡಿ 250 ಬೈಕ್ ಮೈಸೂರಿನ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ. ಬೆಳಿಗ್ಗೆ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತಿತ್ತು. ಹತ್ತು ಕಿಲೋಮೀಟರ್ ಓಡಿದ ಮೇಲೆ ಪಟ್ ಅಂತ ನಿಲ್ಲುತ್ತಿತ್ತು. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ಮತ್ತೆ ಸರಿ.

ಕಾರ್ಬುರೇಟರ್ ತೊಳೆದೆ, ಪ್ಲಗ್ ಹೊಸದು ಹಾಕಿದೆ. ಪ್ರಯೋಜನ ಆಗಲಿಲ್ಲ.

ಮುಂದಿನ ಸಲ ನಿಂತಾಗ ಅಲ್ಲೇ ಪ್ಲಗ್ ಬಿಚ್ಚಿ, ಹೆಡ್‌ಗೆ ತಾಗಿಸಿ ಕಿಕ್ ಹೊಡೆದೆ. ಕಿಡಿ ಬರುತ್ತಿತ್ತು, ಆದರೆ ಸಣ್ಣದು, ಹಳದಿ ಬಣ್ಣದ್ದು. ಗಟ್ಟಿ ಕಿಡಿ ನೀಲಿಯಾಗಿ ಚಟ್ ಅನ್ನಬೇಕು, ಅಲ್ವಾ? ಎಂಜಿನ್‌ನ ಬಲಗಡೆ ಕವರ್ ತೆಗೆದೆ. ಸಂಜೆಗತ್ತಲಲ್ಲಿ ಮಗ ಕಿಕ್ ಒತ್ತಿದ, ನಾನು ಬಗ್ಗಿ ನೋಡಿದೆ. ಪಾಯಿಂಟ್‌ಗಳ (ತೆರೆದು ಮುಚ್ಚಿ ಪ್ಲಗ್‌ಗೆ ಕಿಡಿ ಹುಟ್ಟಿಸುವ ಲೋಹದ ತುದಿಗಳು) ನಡುವೆ ಜಾಸ್ತಿ ಬೆಳಕು ಮಿಂಚುತ್ತಿತ್ತು. ಅವುಗಳ ಮುಖ ಕಪ್ಪಾಗಿ ಗುಳಿ ಬಿದ್ದಿತ್ತು. ಹಾಗಾದ್ರೆ ಪಾಯಿಂಟ್‌ಗಳ ನಡುವೆ ಕಿಡಿ ಹಾರದಂತೆ ತಡೆಯುವ ಸಣ್ಣ ಭಾಗ, ಕಂಡೆನ್ಸರ್ ಮೇಲೇ ಅನುಮಾನ. ಹಳೇ ಕಂಡೆನ್ಸರ್ ಬಿಸಿಯಾದಾಗ ಕೈಕೊಡುತ್ತದೆ, ತಣ್ಣಗಾದಾಗ ಸುಮ್ನೆ ಸರಿ ಇದ್ದಂತೆ ಕಾಣುತ್ತದೆ.

ಹೊಸ ಕಂಡೆನ್ಸರ್ ಹಾಕಿ, ಪಾಯಿಂಟ್‌ಗಳನ್ನು ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಪಾಯಿಂಟ್‌ಗಳ ಗ್ಯಾಪ್ 0.4 ಮಿಲಿಮೀಟರ್‌ಗೆ ಕೂರಿಸಿದೆ.

ಮೊನ್ನೆ ಭಾನುವಾರ ಮೈಸೂರಿನಿಂದ ನಂಜನಗೂಡಿಗೆ ಹೋಗಿ ಬಂದೆವು. ಎಲ್ಲೂ ನಿಲ್ಲಲಿಲ್ಲ. ಹಿಂದೆ ಕೂತಿದ್ದ ಅಪ್ಪ ದಾರಿಯುದ್ದಕ್ಕೂ ಗಾಡಿಯ ಸದ್ದು ಕೇಳುತ್ತಾ ಬಂದರು.