ರೊಟ್ಟಿ ಊಟ ಮಾಡಿದ ಮೇಲೆ ಪಿತ್ತರಸ ಏನೇನು ಮಾಡುತ್ತದೆ? ಹಂತ ಹಂತವಾಗಿ ನೋಡೋಣ

ವಿಜಯಪುರದ ಖಾನಾವಳಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತರೆ ತಟ್ಟೆಗೆ ಹೆಚ್ಚುಕಡಿಮೆ ಬರುವುದು ಇವು: ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ. ಬದನೆಕಾಯಿಯ ಸುತ್ತ ಎಣ್ಣೆ ನಿಂತಿರುತ್ತದೆ. ರೊಟ್ಟಿಯ ತುಂಡನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟುಕೊಳ್ಳುತ್ತೇವೆ. ಆ ಎಣ್ಣೆಯನ್ನು ಕರಗಿಸುವುದು ಪಿತ್ತರಸ ಅಂತ ಶಾಲೆಯಲ್ಲೇ ಓದಿದ್ದೇವೆ. ಆದರೆ ಅದರಲ್ಲಿರುವ ಪಿತ್ತ ಆಮ್ಲಗಳು ಸಕ್ಕರೆ, ಕೊಬ್ಬು, ಹಸಿವು ಇವನ್ನೂ ಹತೋಟಿಯಲ್ಲಿಡುತ್ತವೆ. ಹೇಗೆ ಅಂತ ಈ ಊಟದ ಬೆನ್ನು ಹಿಡಿದೇ ನೋಡೋಣ.

ಮೊದಲ ಹಂತ ಲಿವರ್‌ನಲ್ಲಿ. ಎಲ್ಲರೂ ಹೆದರುವ ಕೊಲೆಸ್ಟ್ರಾಲನ್ನೇ ಬಳಸಿ ಲಿವರ್ ದಿನಕ್ಕೆ ಸುಮಾರು ಅರ್ಧ ಗ್ರಾಂ ಪಿತ್ತ ಆಮ್ಲ ತಯಾರಿಸುತ್ತದೆ. ದೇಹ ಕೊಲೆಸ್ಟ್ರಾಲನ್ನು ಖರ್ಚು ಮಾಡುವ ದೊಡ್ಡ ದಾರಿಯೇ ಇದು. ಎರಡು ಊಟಗಳ ನಡುವೆ ಪಿತ್ತರಸ ಪಿತ್ತಕೋಶದಲ್ಲಿ ಕೂಡಿಕೊಂಡು ಗಟ್ಟಿಯಾಗುತ್ತದೆ. ಆ ಚೀಲ ಹಿಡಿಯುವುದು 30ರಿಂದ 50 ಮಿ.ಲೀ. ಮಾತ್ರ.

ಎರಡನೆಯದು ಬೇಗ ಮುಗಿಯುವ ಹಂತ. ಎಣ್ಣೆ ಸಣ್ಣ ಕರುಳಿಗೆ ಇಳಿದ ಕೂಡಲೇ ಕರುಳು ಸಿಸಿಕೆ ಎಂಬ ಹಾರ್ಮೋನ್ ಬಿಡುತ್ತದೆ. ಅದರಿಂದ ಪಿತ್ತಕೋಶ ಹಿಂಡಿಕೊಂಡು ರಸ ಕರುಳಿಗೆ ಬೀಳುತ್ತದೆ. ಜಿಡ್ಡಾದ ತಟ್ಟೆಯ ಮೇಲೆ ಸಾಬೂನು ಮಾಡುವ ಕೆಲಸವನ್ನೇ ಪಿತ್ತ ಆಮ್ಲ ಇಲ್ಲಿ ಮಾಡುತ್ತದೆ. ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಒಡೆಯುತ್ತದೆ, ಜೀರ್ಣವಾಗುತ್ತದೆ.

ಮೂರನೇ ಹಂತ ನನಗೆ ಬಹಳ ಇಷ್ಟ. ಕೆಲಸ ಮುಗಿಸಿದ ಪಿತ್ತ ಆಮ್ಲವನ್ನು ದೇಹ ಸುಮ್ನೆ ಹೊರಗೆ ಚೆಲ್ಲುವುದಿಲ್ಲ. ಸಣ್ಣ ಕರುಳಿನ ಕೊನೆಯ ಭಾಗ ಅದರಲ್ಲಿ ಸುಮಾರು ಶೇ 95ರಷ್ಟನ್ನು ಹೀರಿ, ರಕ್ತದ ಮೂಲಕ ಮತ್ತೆ ಲಿವರ್‌ಗೆ ಕಳಿಸುತ್ತದೆ. ದೇಹದಲ್ಲಿ ಒಟ್ಟು ಇರುವುದು ಸುಮಾರು 3 ಗ್ರಾಂ ಪಿತ್ತ ಆಮ್ಲ. ಅಷ್ಟೇ ದಿನಕ್ಕೆ ಹಲವು ಸಲ ಸುತ್ತು ಹೊಡೆಯುತ್ತದೆ.

ಈಗ ನಾಲ್ಕನೇ ಹಂತಕ್ಕೆ, ಅಂದರೆ ಮುಖ್ಯ ವಿಷಯಕ್ಕೆ ಬರೋಣ. ಹೀರಿಕೊಳ್ಳುವ ಆ ಜೀವಕೋಶಗಳ ಒಳಗೆ ಎಫ್‌ಎಕ್ಸ್‌ಆರ್ ಎಂಬ ರಿಸೆಪ್ಟರ್ ಇದೆ. ರಿಸೆಪ್ಟರ್ ಅಂದರೆ ಒಂದು ವಸ್ತು ಬಂದಿದೆ ಅಂತ ಗುರುತಿಸಿ, ಮುಂದಿನ ಕೆಲಸ ಶುರು ಮಾಡುವ ಪ್ರೋಟೀನ್. ಎಫ್‌ಎಕ್ಸ್‌ಆರ್ ಮೊದಲೇ ಗೊತ್ತಿತ್ತು. ಅದು ಕಾಯುವುದು ಪಿತ್ತ ಆಮ್ಲಕ್ಕೇ ಅಂತ ತಿಳಿದದ್ದು 1999ರಲ್ಲಿ. ಪಿತ್ತ ಆಮ್ಲ ತಾಗಿದಾಗ ಈ ಜೀವಕೋಶಗಳು ಎಫ್‌ಜಿಎಫ್19 ಎಂಬ ಹಾರ್ಮೋನ್ ಬಿಡುತ್ತವೆ. ಅದು ಲಿವರ್ ಮುಟ್ಟಿ, ಹೊಸ ಪಿತ್ತ ಆಮ್ಲದ ತಯಾರಿಕೆಯನ್ನು ತಗ್ಗಿಸುತ್ತದೆ. ಇದ್ದದ್ದು ಸಾಕು, ಇನ್ನು ಬೇಡ ಅಂತ ಲಿವರ್‌ಗೆ ಗೊತ್ತಾಗುವುದು ಹೀಗೆ. ಲಿವರ್‌ನಲ್ಲೂ ಎಫ್‌ಎಕ್ಸ್‌ಆರ್ ಇದೆ. ಅಲ್ಲಿ ಅದು ಕೊಬ್ಬಿನ ತಯಾರಿಕೆಗೂ ಕಡಿವಾಣ ಹಾಕುತ್ತದೆ. ಫ್ಯಾಟಿ ಲಿವರ್‌ಗೆ ಔಷಧ ಹುಡುಕುವವರು ಈ ರಿಸೆಪ್ಟರ್ ಹಿಂದೆ ಬಿದ್ದಿರುವುದು ಅದಕ್ಕೇ.

ಐದನೇ ಹಂತ ದೊಡ್ಡ ಕರುಳಿನದ್ದು. ತಪ್ಪಿಸಿಕೊಂಡು ಅಲ್ಲಿಗೆ ಬಂದ ಅಷ್ಟಿಷ್ಟು ಪಿತ್ತ ಆಮ್ಲವನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಬೇರೆ ರೂಪಕ್ಕೆ ತಿರುಗಿಸುತ್ತವೆ. ಟಿಜಿಆರ್5 ಎಂಬ ಇನ್ನೊಂದು ರಿಸೆಪ್ಟರನ್ನು ಜೋರಾಗಿ ಎಬ್ಬಿಸುವುದು ಈ ಹೊಸ ರೂಪಗಳೇ. ಕರುಳಿನ ಕೆಲವು ಜೀವಕೋಶಗಳಲ್ಲಿ ಟಿಜಿಆರ್5 ಎದ್ದರೆ ಜಿಎಲ್‌ಪಿ-1 ಹೊರಬರುತ್ತದೆ. ಊಟದ ನಂತರ ಇನ್ಸುಲಿನ್ ಹೆಚ್ಚಿಸಿ, ಹಸಿವು ಇಳಿಸುವ ಹಾರ್ಮೋನ್ ಇದು. ತೂಕ ಇಳಿಸುವ ಇಂಜೆಕ್ಷನ್ ಅಂತ ಈಗ ಎಲ್ಲೆಡೆ ಮಾತಿದೆ ಅಲ್ವಾ, ಆ ಔಷಧಗಳು ಅನುಕರಿಸುವುದು ಇದನ್ನೇ. ಟಿಜಿಆರ್5 ಮೂಲಕ ಪಿತ್ತ ಆಮ್ಲ ದೇಹದ ಕ್ಯಾಲೊರಿ ಖರ್ಚನ್ನೂ ಹೆಚ್ಚಿಸುತ್ತದೆ ಅಂತ 2006ರಲ್ಲಿ ಇಲಿಗಳಲ್ಲಿ ಕಂಡುಬಂತು. ಇಲಿಗೆ ಆದದ್ದೆಲ್ಲ ನಮಗೂ ಅಷ್ಟೇ ಆಗುತ್ತದೆ ಅಂತ ಹೇಳಲು ಬರುವುದಿಲ್ಲ.

ಇಷ್ಟರಲ್ಲಿ ನಮ್ಮ ಕೈಯಲ್ಲಿರುವುದು ಏನು? ನನ್ನ ಪ್ರಕಾರ ಮೊದಲನೆಯದು ನಾರು. ಮೆಂತ್ಯ, ಕಾಳು, ತರಕಾರಿಯಲ್ಲಿ ನೀರು ಹೀರಿ ಲೋಳೆಯಾಗುವ ನಾರು ಇರುತ್ತದೆ. ಕರುಳಿನಲ್ಲಿ ಅದು ಒಂದಿಷ್ಟು ಪಿತ್ತ ಆಮ್ಲವನ್ನು ಹಿಡಿದುಕೊಂಡು ಮಲದೊಂದಿಗೆ ಹೊರಗೆ ಒಯ್ಯುತ್ತದೆ. ಕೊರತೆ ತುಂಬಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಅಂತ ಕರೆಯುವುದು, ಸ್ವಲ್ಪ ಇಳಿಯುತ್ತದೆ. ಕೊಲೆಸ್ಟೈರಮಿನ್ ಎಂಬ ಹಳೆಯ ಔಷಧ ಇದೇ ಕೆಲಸವನ್ನು ಇನ್ನೂ ಬಲವಾಗಿ ಮಾಡುತ್ತದೆ. ಹಾಗಾಗಿ ತಟ್ಟೆಯ ಅಂಚಿಗೆ ಬರುವ ಆ ಮೆಂತ್ಯ ಸೊಪ್ಪನ್ನು ದಯವಿಟ್ಟು ಬಿಡಬೇಡಿ. ಆದರೆ ಸೊಪ್ಪು ತಿನ್ನುತ್ತೇನೆ ಅಂತ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಲೂ ಬೇಡಿ.

ಎರಡನೆಯದು ಉಪವಾಸದ ವಿಷಯ. ಬೇಗ ತೂಕ ಇಳಿಸಬೇಕು ಅಂತ ದಿನಗಟ್ಟಲೆ ಊಟ ಬಿಡುವವರನ್ನು, ಎಣ್ಣೆಯನ್ನು ಪೂರ್ತಿ ಬಿಡುವವರನ್ನು ಕಂಡರೆ ನನಗೆ ಚಿಂತೆಯಾಗುತ್ತದೆ. ಪಿತ್ತಕೋಶ ಹಿಂಡಿಕೊಳ್ಳದೆ ರಸ ಒಳಗೇ ನಿಂತರೆ ಕಲ್ಲು ಕಟ್ಟುವ ಸಂಭವ ಜಾಸ್ತಿ. ಹೊತ್ತಿಗೆ ಸರಿಯಾಗಿ, ಹಿತಮಿತವಾಗಿ ಎಣ್ಣೆ ಹಾಕಿದ ಊಟವೇ ಒಳ್ಳೆಯದು. ಜಿಡ್ಡಿನ ಊಟದ ನಂತರ ಹೊಟ್ಟೆಯ ಬಲಗಡೆ ಮೇಲ್ಭಾಗದಲ್ಲಿ ನೋವು ಬಂದರೆ, ಕಣ್ಣು ಹಳದಿಯಾದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಕಲ್ಲಾಗಿ ಪಿತ್ತಕೋಶ ತೆಗೆಸಿಕೊಂಡವರು ನಮ್ಮ ಗತಿ ಏನು ಅಂತ ಕೇಳುತ್ತಾರೆ. ಗಾಬರಿ ಬೇಡ. ರಸ ಮಾಡುವುದು ಲಿವರ್, ಅದು ಮಾಡುತ್ತಲೇ ಇರುತ್ತದೆ. ಕೂಡಿಡಲು ಚೀಲ ಇಲ್ಲದ್ದರಿಂದ ರಸ ನೇರವಾಗಿ ಕರುಳಿಗೆ ಇಳಿಯುತ್ತದೆ. ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ. ಕೆಲವರಿಗೆ ಮಾತ್ರ ದೊಡ್ಡ ಕರುಳಿಗೆ ಪಿತ್ತ ಆಮ್ಲ ಜಾಸ್ತಿ ಹೋಗಿ ನೀರುನೀರಾಗಿ ಭೇದಿಯಾಗುತ್ತದೆ. ಅದಕ್ಕೂ ಮೇಲೆ ಹೇಳಿದ ಕೊಲೆಸ್ಟೈರಮಿನ್‌ನಂಥ ಔಷಧಗಳಿವೆ. ವಾರಗಟ್ಟಲೆ ಸಹಿಸಿಕೊಂಡು ಕೂರದೆ ವೈದ್ಯರಿಗೆ ಬಿಡಿಸಿ ಹೇಳಿ.