ಪ್ರಮೋಷನ್ ಬಿಡ್ಲಿಲ್ಲ, ದಾವಣಗೆರೆ–ದುರ್ಗ ಅಪ್ ಅಂಡ್ ಡೌನ್ ಮಾಡ್ದೆ: ನನ್ನ ಅನುಭವ

ಎಫ್‌ಡಿಎ (ಸರ್ಕಾರಿ ಆಫೀಸಲ್ಲಿ ಪ್ರಥಮ ದರ್ಜೆ ಸಹಾಯಕಿ) ಪ್ರಮೋಷನ್ ಬಂತು, ಜಾಗ ಚಿತ್ರದುರ್ಗ. ಆಫೀಸಲ್ಲಿ ಎಲ್ರದೂ ಒಂದೇ ರಾಗ, "ಬೇಡ ಅಂತ ಬರ್ಕೊಟ್ಬಿಡ್ರಿ ಮೇಡಂ, ಇಬ್ರು ಮಕ್ಳು, ಅತ್ತೆಗೆ ಶುಗರ್, ಮೂರ್ನಾಲ್ಕು ಸಾವಿರಕ್ಕೆ ಯಾಕೆ ಒದ್ದಾಡ್ತೀರಿ". ಈಗ ಎರಡು ವರ್ಷ ಮೇಲಾಯ್ತು, ಅಕೌಂಟ್ಸ್ ಹೈಯರ್ ಅನ್ನೋ ಇಲಾಖಾ ಪರೀಕ್ಷೇನೂ ಪಾಸಾಗಿದೀನಿ, ಅವ್ರೇ ಫೋನ್ ಮಾಡಿ ಹೆಂಗ್ ಮಾಡಿದ್ರಿ ಅಂತಾರೆ, ಅದ್ಕೇ ಬರೀತಿದೀನಿ.

ಅಲ್ಲೇ ಮನೆ ಮಾಡೋಣ ಅಂದ್ರೆ ಬಾಡಿಗೆ, ಅಡ್ವಾನ್ಸು, ಮತ್ತೆ ಸ್ಕೂಲ್ ಡೊನೇಷನ್ನು, ಹೆಚ್ಚಿಗೆ ಬರೋ ಸಂಬಳ ಅಲ್ಲಿಗೇ ಸಮ. ಅರವತ್ತು ಕಿಲೋಮೀಟ್ರು, ಹೈವೇ, 2023ರ ಜೂನಿಂದ ಶಕ್ತಿ ಇರೋದ್ರಿಂದ ಆಧಾರ್ ತೋರ್ಸಿ ಶೂನ್ಯ ಟಿಕೆಟ್ ತಗೊಂಡ್ರೆ ಆಯ್ತು (ರಾಜಹಂಸಕ್ಕೆ ನಡಿಯಲ್ಲ). ಸಂಜೆ ಮಾತ್ರ ನಿಂತ್ಕೊಂಡೇ ಬರ್ಬೇಕು.

ನಿಜವಾದ ಯುದ್ಧ ಅಡುಗೆಮನೇಲಿ. ಮೊದ್ಲು ಅಡುಗೆಯವ್ರನ್ನ ಇಟ್ಟೆ, ತಿಂಗ್ಳಿಗೆ ನಾಲ್ಕು ಸಾವಿರದ ಹತ್ರ, ಅತ್ತೆ ಎರಡನೇ ದಿನಾನೇ "ಇದೇನವ್ವಾ ಸಾರಾ, ಕಲಗಚ್ಚಾ" ಅಂದ್ರು. ಭಾನುವಾರ ಇಡೀ ವಾರದ ತರಕಾರಿ ಹೆಚ್ಚಿಟ್ಟೆ, ಬೀನ್ಸ್ ತಡೀತು, ಬದ್ನೆಕಾಯಿ ಕಪ್ಪಾಗಿ ಹಸೂಗೆ ಹೋಯ್ತು. ಕೊನೆಗೆ ಬೆಳಗಿನ ಟೈಮ್ ತಿಂತಿರೋದು ರೊಟ್ಟಿ ಬಡಿಯೋದೇ ಅಂತ ಲೆಕ್ಕ ಹಾಕಿ ಅದನ್ನೇ ನಿಲ್ಸಿದೆ. ಪಕ್ಕದ ಬೀದಿ ಅಕ್ಕನ ಹತ್ರ ಖಡಕ್ ರೊಟ್ಟಿ, ಒಂದಕ್ಕೆ ಏಳೆಂಟು ರೂಪಾಯಿ, ತಿಂಗ್ಳಿಗೆ ಎರಡು ಸಾವಿರದ ಒಳಗೇ. ಅತ್ತೆಗೆ ಹಲ್ಲಿಲ್ಲ, ಅವ್ರ ರೊಟ್ಟಿಗೆ ನೀರು ಚಿಮುಕ್ಸಿ ಬಟ್ಟೇಲಿ ಸುತ್ತಿಟ್ಟು ಬರ್ತೀನಿ, ಊಟದ ಹೊತ್ತಿಗೆ ಮೆತ್ತಗಾಗಿರುತ್ತೆ, ಈವರೆಗೆ ಕಂಪ್ಲೇಂಟ್ ಇಲ್ಲ. ಮಕ್ಳನ್ನ ರೆಡಿ ಮಾಡಿ ಸ್ಕೂಲಿಗೆ ಬಿಡೋದು ನಮ್ಮನೆಯವ್ರು. ಅವ್ರನ್ನ ಹೆಂಗ್ ಒಪ್ಪಿಸ್ದೆ ಅಂತ ಮಾತ್ರ ಕೇಳ್ಬೇಡ್ರಿ, ಅದು ನನ್ ಹತ್ರಾನೇ ಇರ್ಲಿ.

ಪರೀಕ್ಷೆಗೆ ಓದಿದ್ದೆಲ್ಲಾ ಬಸ್ಸಲ್ಲಿ. ಕೆಎಫ್‌ಸಿ (ಸರ್ಕಾರದ ಹಣಕಾಸು ಸಂಹಿತೆ), ಕೆಸಿಎಸ್‌ಆರ್ (ನೌಕರರ ಸೇವಾ ನಿಯಮ) ಎರಡರ ರೂಲ್ಸೂ ನನ್ ದನೀಲೇ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಕೇಳ್ತಿದ್ದೆ. ರಜೆ ನಿಯಮ ಕೇಳ್ತಾ ಭರಮಸಾಗರ ದಾಟೋಷ್ಟರಲ್ಲಿ ನಿದ್ದೆ ಗ್ಯಾರಂಟಿ, ಆದ್ರೂ ತಲೇಲಿ ಉಳೀತು. ಲೆಕ್ಕ ಮಾತ್ರ ಕಿವೀಲಿ ಇಳಿಯಲ್ಲ, ಅದನ್ನ ಊಟದ ಟೈಮಲ್ಲಿ ಪೇಪರ್ ಮೇಲೇ ಮಾಡ್ಬೇಕು.

ಇನ್ನೊಂದು, ಶಿಶುಪಾಲನಾ ರಜೆ ಇಡೀ ಸರ್ವೀಸಿಗೆ ಆರೇ ತಿಂಗ್ಳು, ಕೊನೇ ಮಗುಗೆ ಹದಿನೆಂಟು ವರ್ಷ ಆಗೋವರೆಗೂ ನಡಿಯುತ್ತೆ. ಗೆಳತೀರು ಮಕ್ಳು ಅಂಗನವಾಡಿಲಿರೋವಾಗ್ಲೇ ಖಾಲಿ ಮಾಡ್ಕೊಂಡ್ರು. ನಾನು ಪರೀಕ್ಷೆ ಮುಂಚೆ ಸ್ವಲ್ಪ ತಗೊಂಡೆ ಅಷ್ಟೇ, ಉಳಿದಿದ್ದು ದೊಡ್ಡವಳ ಎಸ್ಸೆಸ್ಸೆಲ್ಸಿಗೆ.