ರೀಎಂಟ್ರನ್ಸಿ ದಾಳಿಯನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ನಡೆಸಿ ನೋಡುವುದು ಹೇಗೆ

ಬೆಂಗಳೂರಿನ ದರ್ಶಿನಿಗಳಲ್ಲಿ ದೋಸೆ ಕೌಂಟರ್‌ನವರು ಮೊದಲು ಚೀಟಿ ಹರಿಯುತ್ತಾರೆ, ಆಮೇಲೆ ತಟ್ಟೆ ಮುಂದಿಡುತ್ತಾರೆ. ಇದು ಹಿಂದುಮುಂದಾದರೆ ಅದೇ ಚೀಟಿ ತೋರಿಸಿ ಹಿಟ್ಟು ಮುಗಿಯುವವರೆಗೂ ದೋಸೆ ತಿನ್ನಬಹುದು. ರೀಎಂಟ್ರನ್ಸಿ ಅಂದರೆ ಇಷ್ಟೇ: ಹಣ ಕೊಟ್ಟದ್ದು ದಾಖಲಾಗುವ ಮುಂಚೆಯೇ ಕೋಡ್‌ನೊಳಗೆ ಮತ್ತೆ ನುಗ್ಗುವುದು. 2016ರ ಜೂನ್ 17ರಂದು ಎಥೀರಿಯಂ ಬ್ಲಾಕ್‌ಚೈನ್‌ನಲ್ಲಿದ್ದ ‘ದಿ ಡಿಎಒ’ ಎಂಬ ಹೂಡಿಕೆ ನಿಧಿಯ ಕಾಂಟ್ರಾಕ್ಟ್‌ನಿಂದ (ಅಂದರೆ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂನಿಂದ) ಸುಮಾರು 36 ಲಕ್ಷ ಈಥರ್, ಅಂದರೆ ಎಥೀರಿಯಂನ ನಾಣ್ಯ, ಹೋದದ್ದು ಇದೇ ದಾರಿಯಲ್ಲಿ.

ಇದನ್ನು ನಡೆಸಿ ನೋಡಲು ಕಾಂಟ್ರಾಕ್ಟ್ ಬರೆದು ಪರೀಕ್ಷಿಸುವ ಫೌಂಡ್ರಿ ಎಂಬ ಟೂಲ್ ಸಾಕು. ಅಂಥದೇ ಇನ್ನೊಂದು ಟೂಲ್ ಹಾರ್ಡ್‌ಹ್ಯಾಟ್‌ನಲ್ಲೂ ಆಗುತ್ತದೆ. ಫೌಂಡ್ರಿಯಲ್ಲಿ ಟೆಸ್ಟನ್ನೂ ಕಾಂಟ್ರಾಕ್ಟ್‌ನ ಭಾಷೆಯಾದ ಸಾಲಿಡಿಟಿಯಲ್ಲೇ ಬರೆಯಬಹುದು. ‘ಫೋರ್ಜ್ ಇನಿಟ್’ ಕೊಟ್ಟು ಒಂದು ಸಲ ಬಿಲ್ಡ್ ಮಾಡಿ; ಕಂಪೈಲರ್ (ಮತ್ತು ಕೊನೆಯ ಟೆಸ್ಟ್‌ಗೆ ಬೇಕಾದ ಓಪನ್‌ಜೆಪ್ಲಿನ್ ಲೈಬ್ರರಿ) ಇಳಿಯುವುದಕ್ಕೆ ನೆಟ್ ಬೇಕು. ಆಮೇಲೆ ಮಳೆಗೆ ಏರಿಯಾದ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಫೌಂಡ್ರಿಯ ಲೋಕಲ್ ಚೈನ್ ಆದ ಆನ್ವಿಲ್ ಓಡಿಸುವುದೂ ಬೇಡ, ಫೋರ್ಜ್ ಟೆಸ್ಟ್ ತನ್ನೊಳಗೇ ಇವಿಎಂ (ಕಾಂಟ್ರಾಕ್ಟ್ ಓಡಿಸುವ ಎಥೀರಿಯಂನ ಯಂತ್ರ) ನಡೆಸುತ್ತದೆ.

ಮೊದಲು ತೂತಿರುವ ತಿಜೋರಿ ಕಾಂಟ್ರಾಕ್ಟ್. ಡೆಪಾಸಿಟ್ ಫಂಕ್ಷನ್ ಬಂದ ಹಣವನ್ನು ಬ್ಯಾಲೆನ್ಸಸ್ ಮ್ಯಾಪಿಂಗ್‌ಗೆ (ಯಾರದು ಎಷ್ಟು ಎಂಬ ಪಟ್ಟಿಗೆ) ಸೇರಿಸಲಿ. ವಿತ್‌ಡ್ರಾ ಫಂಕ್ಷನ್ ಬ್ಯಾಲೆನ್ಸ್ ಓದಿ, ಅದು ಸೊನ್ನೆಗಿಂತ ಹೆಚ್ಚಿದೆಯೇ ಎಂದು ರಿಕ್ವೈರ್‌ನಲ್ಲಿ (ಷರತ್ತು ತಪ್ಪಿದರೆ ಎಲ್ಲ ರದ್ದು ಮಾಡುವ ಸಾಲಿನಲ್ಲಿ) ನೋಡಿ, ‘ಕಾಲ್’ ಮೂಲಕ ಅಷ್ಟೂ ಹಣ ಕಳಿಸಿ, ಕಾಲ್ ಗೆದ್ದಿತೇ ಎಂದು ಮತ್ತೊಂದು ರಿಕ್ವೈರ್ ಹಾಕಿ, ಕಟ್ಟಕಡೆಗೆ ಬ್ಯಾಲೆನ್ಸನ್ನು ಸೊನ್ನೆ ಮಾಡಲಿ.

ಆ ಕೊನೆಯ ಸಾಲಿನಲ್ಲೇ ಬಹಳ ಜನ ಎಡವುತ್ತಾರೆ. ಸೊನ್ನೆ ಮಾಡುವ ಬದಲು ‘ಇಷ್ಟನ್ನು ಕಳೆ’ ಎಂದು ಬರೆದರೆ ದಾಳಿ ಸಾಗುವುದೇ ಇಲ್ಲ. ಸಾಲಿಡಿಟಿ 0.8ರಿಂದ ಲೆಕ್ಕ ಸೊನ್ನೆಯ ಕೆಳಗಿಳಿದರೆ ಕಂಪೈಲರ್ ಸೇರಿಸಿದ ತಪಾಸಣೆ ರಿವರ್ಟ್ ಮಾಡಿಸುತ್ತದೆ, ಅಂದರೆ ಆದದ್ದನ್ನೆಲ್ಲ ರದ್ದು ಮಾಡಿಸುತ್ತದೆ. ಒಳಗಿನ ಕಾಲ್ 1ರಿಂದ 1 ಕಳೆದು ಮುಗಿಸಿರುತ್ತದೆ, ಹೊರಗಿನದು ಸೊನ್ನೆಯಿಂದ 1 ಕಳೆಯಲು ಹೋಗಿ ಬೀಳುತ್ತದೆ. ಹಳೆಯ ಉದಾಹರಣೆಗಳನ್ನು ಹೊಸ ಕಂಪೈಲರ್‌ಗೆ ಹಾಕಿ ‘ನನ್ನ ಕೋಡ್ ಸುರಕ್ಷಿತ’ ಎಂದುಕೊಳ್ಳುವುದು ಹೀಗೇ. ‘ಕಾಲ್’ ಬದಲು ‘ಟ್ರಾನ್ಸ್‌ಫರ್’ ಬಳಸಿದರೂ ದಾಳಿ ನಡೆಯದು. ಅದು ದಾಟಿಸುವ 2300 ಗ್ಯಾಸ್ (ಕೋಡ್ ಓಡಲು ಬೇಕಾದ ಇಂಧನ) ಮತ್ತೆ ಒಳಹೋಗಲು ಸಾಲದು.

ಇನ್ನು ದಾಳಿಕೋರ ಕಾಂಟ್ರಾಕ್ಟ್. ಅದರ ಅಟ್ಯಾಕ್ ಫಂಕ್ಷನ್ 1 ಈಥರ್ ಡೆಪಾಸಿಟ್ ಮಾಡಿ ಕೂಡಲೇ ವಿತ್‌ಡ್ರಾ ಕರೆಯಲಿ. ಹಣ ಬಂದಾಗ ತಾನಾಗಿ ಓಡುವ ಅದರ ರಿಸೀವ್ ಫಂಕ್ಷನ್, ತಿಜೋರಿಯಲ್ಲಿ ಕನಿಷ್ಠ 1 ಈಥರ್ ಇದ್ದರೆ ಮಾತ್ರ ಮತ್ತೆ ವಿತ್‌ಡ್ರಾ ಕರೆಯಲಿ. ಈ ಷರತ್ತು ಮರೆತರೆ ಖಾಲಿ ತಿಜೋರಿಯಿಂದ ಕೇಳಿದ ಕೊನೆಯ ಕಾಲ್ ಸೋಲುತ್ತದೆ, ರಿಕ್ವೈರ್‌ಗಳು ಒಂದರ ಹಿಂದೊಂದು ಉರುಳಿ ಕದ್ದದ್ದೆಲ್ಲ ವಾಪಸ್. ಕಳ್ಳನಿಗೂ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರಬೇಕು.

ಟೆಸ್ಟ್‌ನಲ್ಲಿ ಫೌಂಡ್ರಿಯ ಟೆಸ್ಟ್ ಆಜ್ಞೆಯಾದ ವಿಎಂ ಡೀಲ್‌ನಿಂದ ಗ್ರಾಹಕನ ವಿಳಾಸಕ್ಕೆ 10 ಈಥರ್ ಕೊಟ್ಟು, ವಿಎಂ ಪ್ರ್ಯಾಂಕ್ ಹಾಕಿ ಅವನ ಹೆಸರಲ್ಲಿ ಡೆಪಾಸಿಟ್ ಮಾಡಿಸಿ. ಪ್ರ್ಯಾಂಕ್ ಮುಂದಿನ ಒಂದೇ ಕಾಲ್‌ಗೆ ಅನ್ವಯಿಸುತ್ತದೆ. ನಂತರ 1 ಈಥರ್ ಜೊತೆಗೆ ಅಟ್ಯಾಕ್ ಕರೆಯಿರಿ. ತಿಜೋರಿಯಲ್ಲಿ 0, ದಾಳಿಕೋರನಲ್ಲಿ 11 ಎಂದು ಅಸರ್ಟ್ ಮಾಡಿ.

ಓಡಿಸುವಾಗ ಹೈಫನ್ ಜೊತೆ ನಾಲ್ಕು ‘ವಿ’ ಹಾಕಿ. ಮೂರು ಹಾಕಿದರೆ ಸೋತ ಟೆಸ್ಟ್‌ಗಳ ಟ್ರೇಸ್ (ಯಾವುದು ಯಾವುದನ್ನು ಕರೆಯಿತು ಎಂಬ ಪಟ್ಟಿ) ಮಾತ್ರ ಬರುತ್ತದೆ. ಇಲ್ಲಿ ದಾಳಿ ಗೆದ್ದರೆ ಟೆಸ್ಟೂ ಗೆದ್ದಂತೆ. ಟ್ರೇಸ್‌ನಲ್ಲಿ ವಿತ್‌ಡ್ರಾ, ಅದರೊಳಗೆ ರಿಸೀವ್, ಅದರೊಳಗೆ ಮತ್ತೆ ವಿತ್‌ಡ್ರಾ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಸರಿಯುತ್ತದೆ. ಎಣಿಸಿ, 11 ವಿತ್‌ಡ್ರಾ ಇರಬೇಕು.

ರಿಪೇರಿ ಸುಲಭ: ಸೊನ್ನೆ ಮಾಡುವ ಸಾಲನ್ನು ಕಾಲ್‌ಗಿಂತ ಮೇಲಕ್ಕೆ ತನ್ನಿ. ಅಟ್ಯಾಕ್‌ಗೆ ಮುಂಚೆ, ಮುಂದಿನ ಕಾಲ್ ರದ್ದಾಗಲೇಬೇಕು ಎನ್ನುವ ವಿಎಂ ಎಕ್ಸ್‌ಪೆಕ್ಟ್ ರಿವರ್ಟ್ ಹಾಕಿ. ತಿಜೋರಿಯಲ್ಲಿ ಈಗ 11 ಅಲ್ಲ, 10 ಉಳಿಯುತ್ತದೆ. ದಾಳಿಕೋರನ ಡೆಪಾಸಿಟ್ಟೂ ಅದೇ ಟ್ರಾನ್ಸಾಕ್ಷನ್ನಿನಲ್ಲಿ ಇದ್ದದ್ದರಿಂದ ಅದೂ ರದ್ದಾಗುತ್ತದೆ.

ಓಪನ್‌ಜೆಪ್ಲಿನ್‌ನ ನಾನ್‌ರೀಎಂಟ್ರಂಟ್ ಗಾರ್ಡ್ (ಒಂದು ಕಾಲ್ ಮುಗಿಯುವ ಮುಂಚೆ ಮತ್ತೆ ಒಳಬಿಡದ ತಡೆ) ಹಚ್ಚಿದರೆ ಸಾಕು ಅನ್ನುವವರು ಇನ್ನೊಂದು ಟೆಸ್ಟ್ ಬರೆಯಲಿ. ಸಾಲುಗಳ ಕ್ರಮ ಮೊದಲಿನಂತೆ ತಪ್ಪಾಗೇ ಇರಲಿ, ವಿತ್‌ಡ್ರಾಗೆ ಮಾತ್ರ ಗಾರ್ಡ್ ಇರಲಿ. ಬ್ಯಾಲೆನ್ಸನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಡುವ ಫಂಕ್ಷನ್ ಒಂದನ್ನು ಗಾರ್ಡ್ ಇಲ್ಲದೆ ಸೇರಿಸಿ. ರಿಸೀವ್ ಒಳಗಿಂದ ಅದನ್ನು ಕರೆದು, ದಾಖಲೆಯಲ್ಲಿನ್ನೂ ಉಳಿದ 1 ಈಥರನ್ನು ಜೊತೆಗಾರನ ಹೆಸರಿಗೆ ದಾಟಿಸಿ. ಆಮೇಲೆ ಜೊತೆಗಾರ ವಿತ್‌ಡ್ರಾ ಮಾಡಿದರೆ ತಿಜೋರಿಯಲ್ಲಿ 9. ಗ್ರಾಹಕನ ಹಣದಲ್ಲೇ 1 ಹೋಯಿತು. ಎರಡೂ ಫಂಕ್ಷನ್‌ಗೆ ಗಾರ್ಡ್ ಹಾಕಿ ಮತ್ತೆ ಓಡಿಸಿ. ಅಟ್ಯಾಕೇ ರಿವರ್ಟ್ ಆಗಿ 10 ಬರಬೇಕು.